ಹಳೇ ಕಂಬ, ಹೊಸ ಮಾಡು: ಮಲೆನಾಡಿನಲ್ಲಿ ಒಂದು ಮರದ ಮನೆ

ಹೊಸನಗರ ತಾಲ್ಲೂಕಿನಲ್ಲಿ, ನಮ್ಮ ಅಡಿಕೆ ತೋಟದ ಮೇಲ್ಭಾಗದ ದಿಬ್ಬದಲ್ಲಿ ಕಟ್ಟಿದ ಈ ಮನೆಗೆ ಕಾಂಕ್ರೀಟ್ ಪಿಲ್ಲರ್ ಇಲ್ಲ, ಆರ್‌ಸಿಸಿ ಮಾಳಿಗೆಯೂ ಇಲ್ಲ. ಮಾಡಿನ (ಚಾವಣಿಯ) ಭಾರವೆಲ್ಲ ಮರದ ಕಂಬ, ತೊಲೆಗಳ ಮೇಲೆ. ಗೋಡೆಗಳ ಕೆಲಸ ಮರೆ ಮಾಡುವುದಷ್ಟೇ. ನಮ್ಮ ಷರತ್ತು ಎರಡು. ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದೆ ಒಳಗೆ ಮಲಗಲು ಆಗಬೇಕು. ಆಷಾಢದಲ್ಲಿ ಬಟ್ಟೆ, ಪುಸ್ತಕ ಬೂಸ್ಟು ಹಿಡಿಯಬಾರದು.

ಈಗ ಯೂಟ್ಯೂಬಿನಲ್ಲಿ ಮರದ ಚೌಕಟ್ಟಿನ ಮನೆ ಎಂದು ಹುಡುಕಿದರೆ ಅಮೆರಿಕದ ವರ್ಮಾಂಟ್, ಕೆನಡಾ, ಜರ್ಮನಿಯ ವಿಡಿಯೋಗಳೇ ಜಾಸ್ತಿ. ನೋಡಲು ಬಹಳ ಚೆಂದ. ಮರ ಕೂಡಿಸುವ ಕೆಲಸವನ್ನಂತೂ ಅವರಿಂದ ಕಲಿಯಬೇಕು. ಆದರೆ ಶಾಖದ ಲೆಕ್ಕವನ್ನು ಹಾಗೇ ಎತ್ತಿಕೊಂಡು ಬಂದರೆ ನಮಗೆ ಉಪಯೋಗವಿಲ್ಲ. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಮೊದಲ ಪ್ಯಾಸಿವ್ ಹೌಸ್ (ತೀರಾ ಕಡಿಮೆ ಇಂಧನದಲ್ಲಿ ಬೆಚ್ಚಗಿರುವ ಮನೆ) ಕಟ್ಟಿದವರಿಗೆ ಇದ್ದ ಸಮಸ್ಯೆ ಚಳಿ. ಅಲ್ಲಿ ಚಳಿಗಾಲದಲ್ಲಿ ಮನೆ ಒಳಗೂ ಹೊರಗೂ ಇಪ್ಪತ್ತು ಮೂವತ್ತು ಡಿಗ್ರಿ ವ್ಯತ್ಯಾಸ ಇರುತ್ತದೆ. ಒಂದು ಸಣ್ಣ ಸಂದಿಯಿಂದ ಬೆಚ್ಚನೆ ಗಾಳಿ ಸೋರಿದರೂ ದುಡ್ಡು ಸೋರಿದ ಹಾಗೆ. ಅದಕ್ಕೇ ಪ್ಯಾಸಿವ್ ಹೌಸ್ ಮಾನದಂಡದಲ್ಲಿ, 50 ಪಾಸ್ಕಲ್ ಒತ್ತಡ ಕೊಟ್ಟು ಪರೀಕ್ಷಿಸಿದಾಗ ಮನೆಯೊಳಗಿನ ಗಾಳಿ ಗಂಟೆಗೆ 0.6 ಬಾರಿಗಿಂತ ಜಾಸ್ತಿ ಬದಲಾಗಬಾರದು ಎಂಬ ನಿಯಮ. ಎಸಿ ಹಾಕದ ಮಲೆನಾಡಿನ ಮನೆಗೆ ಅದರ ಗೊಡವೆ ಬೇಡ. ನಮಗೆ ಗಾಳಿ ಆಡಬೇಕು. ನಮ್ಮ ಕಾಟ ಇರುವುದು ತಲೆಯ ಮೇಲಿನಿಂದ.

ನಮ್ಮ ಊರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ. ಆಗಸ್ಟ್ ನಡುವೆ ಮತ್ತೊಮ್ಮೆ ಹಾಗೆ ಬರುತ್ತಾನೆ, ಆಗ ಮೋಡ ಇರುತ್ತದೆ. ಈ ನಡುವಿನ ತಿಂಗಳುಗಳಲ್ಲಿ ಅವನು ಉತ್ತರಕ್ಕೆ ವಾಲಿರುತ್ತಾನೆ. ಅಂದರೆ ಸೆಕೆಗಾಲದಲ್ಲಿ ತೆಂಕಣ ಗೋಡೆಗೂ ಬಡಗಣ ಗೋಡೆಗೂ ಬೀಳುವ ಬಿಸಿಲು ಸ್ವಲ್ಪವೇ, ಅದನ್ನು ಮೂರೂವರೆ ಅಡಿ ಸೂರು ತಡೆದುಬಿಡುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಮಾಡಿನ ಪಾಲು. ಹಾಗಾಗಿ ದುಡ್ಡು ಹಾಕುವುದಿದ್ದರೆ ಮಾಡಿಗೆ ಹಾಕುವುದು ಎಂದು ಮೊದಲೇ ತೀರ್ಮಾನ ಮಾಡಿದೆವು. ಗೋಡೆಗೆ ಇಲ್ಲೇ ಸಿಗುವ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಸಾಕು.

ಮನೆ 30 ಅಡಿ ಉದ್ದ, 20 ಅಡಿ ಅಗಲ. ಉದ್ದ ಪೂರ್ವ–ಪಶ್ಚಿಮಕ್ಕೆ, ಕೋಡೂ (ಮಾಡಿನ ನೆತ್ತಿಯ ಸಾಲು) ಅದೇ ದಿಕ್ಕಿಗೆ. ಪಶ್ಚಿಮದ ಮುಖಕ್ಕೆ ಸಂಜೆ ಬಿಸಿಲೂ ಮುಂಗಾರಿನ ಇರಿಚಲೂ ಎರಡೂ ಹೊಡೆಯುವುದರಿಂದ ಅಲ್ಲಿ ಬಚ್ಚಲು, ಸೌದೆ ಕೋಣೆ ಮತ್ತು ಇಳಿಮಾಡಿನ ಜಗಲಿ. ಮಲಗುವ ಕೋಣೆ ಪೂರ್ವಕ್ಕೆ. ತೊಟ್ಟಿ (ನಡುವಿನ ತೆರೆದ ಅಂಗಳ) ಬೇಕು ಅಂತ ಮನೆಯಲ್ಲಿ ಬಹಳ ಒತ್ತಾಯ ಇತ್ತು. ನಾನು ಒಪ್ಪಲಿಲ್ಲ. ತೊಟ್ಟಿ ಇಟ್ಟರೆ ನಾಲ್ಕು ಮೂಲೆಯಲ್ಲೂ ಮಾಡು ಒಳಕ್ಕೆ ಕೂಡುತ್ತದೆ, ಅಲ್ಲಿ ನೀರು ಹರಿಸುವ ದೋಣಿ ಇಡಬೇಕು. ನಮ್ಮ ಕಡೆಯ ಯಾವ ಹಳೇ ಮನೆ ಸೋರಿದರೂ ಮೊದಲು ಸೋರುವುದು ಆ ದೋಣಿ ಮೂಲೆ. ಕೆಳಗಿನ ಕಂಬ ಕರಗುವುದೂ ಅಲ್ಲೇ. ಎರಡು ಇಳಿಜಾರಿನ ಮಾಡಿಗೆ ಒಂದೂ ದೋಣಿ ಬೇಡ.

ಮರ ಹೊಂದಿಸಿದ್ದು

ಪಕ್ಕದ ಊರಿನಲ್ಲಿ ಕೆಡವುತ್ತಿದ್ದ ಒಂದು ಹಳೇ ಮನೆಯ ಕಂಬ, ತೊಲೆಗಳನ್ನು ಒಟ್ಟಿಗೆ ಕೊಂಡೆವು. ಕಂಬಗಳು ಹೆಚ್ಚಿನವು ಮತ್ತಿ, ಕೆಲವು ಹಲಸು. ತೊಲೆಗಳಲ್ಲಿ ನಂದಿಯೂ ಇತ್ತು. ಇಂಥ ಮರ ಕೊಳ್ಳುವವರಿಗೆ ಒಂದು ಮಾತು: ಮರ ಹಳೇದು, ಮನೆಯದು ಎಂದ ಮಾತ್ರಕ್ಕೆ ಲಾರಿಗೆ ಹೇರಿಕೊಂಡು ಹೊರಡಬೇಡಿ. ಸಾಗಣೆಗೆ ಅರಣ್ಯ ಇಲಾಖೆಯ ಪಾಸ್ ಬೇಕೋ ಬೇಡವೋ ಎಂದು ವಲಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಸ್ವಂತ ಜಮೀನಿನ ಮರ ಕಡಿಯಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸಿಲ್ವರ್ ಓಕ್‌ನಂಥ ಕೆಲವು ನೆಟ್ಟ ಜಾತಿಗಳಿಗೆ ಮಾತ್ರ ವಿನಾಯಿತಿ.

ಹಳೇ ಕಂಬಗಳ ಬುಡ ಒಂದು, ಒಂದೂವರೆ ಅಡಿ ಲಡ್ಡಾಗಿತ್ತು. ಮೇಲೆಲ್ಲ ಉಳಿ ಹೊಡೆದರೆ ಕಬ್ಬಿಣ. ಹೊಸ ಮರದ ತುಂಡು ಬುಡಕ್ಕೆ ಕಸಿ ಕಟ್ಟಬಹುದಿತ್ತು. ಅದರ ಬದಲು ಹಾಳಾದಷ್ಟನ್ನು ಕತ್ತರಿಸಿ, ಕಡಿಮೆಯಾದ ಎತ್ತರವನ್ನು ಕಲ್ಲಿನಿಂದ ತುಂಬಿಸಿದೆವು. ಪ್ರತಿ ಕಂಬದ ಕೆಳಗೆ ನೆಲದಿಂದ ಒಂದೂವರೆ ಅಡಿ ಎತ್ತರದ ಗ್ರಾನೈಟ್ ಪೀಠ. ನೀರು ಸಿಡಿಯುವುದು ಕಲ್ಲಿಗೆ, ಕಂಬಕ್ಕಲ್ಲ. ಪೀಠದ ತಲೆಗೆ 12 ಮಿಲಿಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಸಲಾಕೆ ಕೂರಿಸಿ, ಅದರ ಮೇಲೆ ಅಲ್ಯೂಮಿನಿಯಂ ತಗಡು ಹಾಸಿ, ತಗಡಿನ ಅಂಚನ್ನು ಸುತ್ತ ಕೆಳಕ್ಕೆ ಬಗ್ಗಿಸಿ, ಆಮೇಲೆ ಕಂಬ ಇಳಿಸಿದೆವು. ಗೆದ್ದಲು ಈ ಬಗ್ಗಿಸಿದ ಅಂಚನ್ನು ದಾಟಬೇಕಾದರೆ ಹೊರಗೆ ಕಾಣುವ ಹಾಗೆ ಮಣ್ಣಿನ ದಾರಿ ಕಟ್ಟಲೇಬೇಕು. ತಗಡು ಗೆದ್ದಲನ್ನು ಕೊಲ್ಲುವುದಿಲ್ಲ, ಕಳ್ಳನನ್ನು ಮುಂಬಾಗಿಲಿಂದ ಬರುವ ಹಾಗೆ ಮಾಡುತ್ತದೆ ಅಷ್ಟೆ. ಆಗಾಗ ಬಗ್ಗಿ ನೋಡುವ ಕೆಲಸ ನಮ್ಮದು.

ಕಂಬದ ಬುಡದ ಕೊಯ್ದ ಮುಖಕ್ಕೆ ಗೇರೆಣ್ಣೆ ಕುಡಿಸಿದೆವು. ಮರ ಹೆಚ್ಚು ನೀರು ಹೀರುವುದು ಮೈಯಿಂದಲ್ಲ, ಈ ಕೊಯ್ದ ತುದಿಯಿಂದ. ಮೈಗೆ ಎಷ್ಟೇ ಬಣ್ಣ ಬಳಿದರೂ ತುದಿ ಬಿಟ್ಟರೆ ಪ್ರಯೋಜನ ಇಲ್ಲ. ಗೇರೆಣ್ಣೆ ಹಚ್ಚುವಾಗ ಕೈಗೆ ಗ್ಲೌಸ್ ಇರಲಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಹಳೇ ಮರದಲ್ಲಿ ಇನ್ನೊಂದು ತೊಂದರೆ ಮೊಳೆ. ಅಜ್ಜನ ಕಾಲದ ಮೊಳೆಗಳು ತಲೆ ಮುರಿದು ಒಳಗೇ ಉಳಿದಿರುತ್ತವೆ. ಗರಗಸದ ಬ್ಲೇಡು ಒಂದು ಹೋದರೆ ಅವತ್ತಿನ ಕೂಲಿ ಹೋದ ಹಾಗೆ. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಆಡಿಸಿ, ಸಿಕ್ಕ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಎಲ್ಲಾ ಕಿತ್ತ ಮೇಲೆಯೇ ಸಾಮಿಲ್ಲಿಗೆ ಕಳಿಸಿದ್ದು.

ಪಕಾಸಿಗೆ (ಮಾಡು ಹೊರುವ ಇಳಿಜಾರು ಮರ) ಡಿಪೋ ಹರಾಜಿನ ಅಕೇಶಿಯಾ, ಮುಚ್ಚಿಗೆ ಹಲಗೆಗೆ ಕೊಪ್ಪದ ಕಡೆಯ ಕಾಫಿ ತೋಟದ ಸಿಲ್ವರ್ ಓಕ್. ಅಕೇಶಿಯಾ ಗಟ್ಟಿ, ಆದರೆ ಸೊಟ್ಟ. ಪಕಾಸಿಗೆ ಬೇಕಾದ ಹದಿನೈದೂವರೆ ಅಡಿ ನೇರ ತುಂಡು ಸಿಗುವುದು ಅಪರೂಪ. ಸಿಕ್ಕಷ್ಟನ್ನು ಮಧ್ಯದ ಚೌಕಟ್ಟುಗಳ ಕಡೆ ಇಟ್ಟು, ಉಳಿದ ಕಡೆ ಗೋಡೆ ತೊಲೆಯ ಮೇಲೆ ಕೂಡು ಹಾಕಿದೆವು. ಕೂಡು ಯಾವಾಗಲೂ ತೊಲೆಯ ನೆತ್ತಿಯ ಮೇಲೇ ಬರಬೇಕು, ನಡು ಅಂತರದಲ್ಲಿ ಬಂದರೆ ಅಲ್ಲೇ ಜೋತುಬೀಳುತ್ತದೆ.

ಸಿಲ್ವರ್ ಓಕ್‌ನ ಕಥೆ ಬೇರೆ. ನೋಡಲು ತೇಗವನ್ನು ಮೀರಿಸುವ ಜರಿ ಜರಿ ನೂಲು. ಆದರೆ ಮರ ಕೊರೆಯುವ ಕುಟ್ಟೆ ಹುಳಕ್ಕೆ ಬಲು ಇಷ್ಟ. ಕೊಯ್ದು ಬಂದ ಹಲಗೆ ಹಸಿ ಇದ್ದಾಗಲೇ ಬೊರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಮುಳುಗಿಸಿ, ಪ್ಲಾಸ್ಟಿಕ್ ಹೊದಿಸಿ ಇಟ್ಟೆವು. ಹಸಿ ಮರದೊಳಗೆ ಈ ಉಪ್ಪು ತಾನಾಗಿ ಹರಡಿಕೊಳ್ಳುತ್ತದೆ, ಒಣಗಿದ ಮರದಲ್ಲಿ ಮೇಲ್ಪದರದಲ್ಲೇ ನಿಲ್ಲುತ್ತದೆ. ಮಳೆ ನೀರು ಬಿದ್ದರೆ ತೊಳೆದು ಹೋಗುವುದರಿಂದ ಹೊರಗಿನ ಮರಕ್ಕೆ ಇದು ಆಗಿಬರುವುದಿಲ್ಲ. ಮಾಡಿನ ಒಳಗಿನ ಹಲಗೆಗೆ ಸರಿ. ನಮ್ಮ ಆಚಾರಿಯ ಪ್ರಕಾರ ಹಿಂದಿನವರಿಗೆ ಇದೆಲ್ಲ ಬೇಕಿರಲಿಲ್ಲ, ಒಲೆಯ ಹೊಗೆಯೇ ಔಷಧಿ ಆಗಿತ್ತು. ಗ್ಯಾಸ್ ಬಂದ ಮೇಲೆಯೇ ಅಟ್ಟದಲ್ಲಿ ಕುಟ್ಟೆ ಜಾಸ್ತಿ ಆಗಿದ್ದು ಎನ್ನುತ್ತಾರೆ. ನನಗೂ ಹೌದು ಅನಿಸುತ್ತದೆ.

ಹೆಚ್ಚುವರಿ ಹಲಗೆಯನ್ನು ಒಂದು ಸಾಮಿಲ್ಲಿನಿಂದ ‘ಚೆನ್ನಾಗಿ ಒಣಗಿದ್ದು’ ಎಂದು ಕೊಟ್ಟರು. ತೇವಾಂಶದ ಮೀಟರ್ ಚುಚ್ಚಿದರೆ 22 ಪರ್ಸೆಂಟ್! ಬೇಸಿಗೆಯಲ್ಲಿ ನಮ್ಮಲ್ಲಿ ಮರ 12ರ ಹತ್ತಿರ ಬಂದು ನಿಲ್ಲುತ್ತದೆ. ಆ ಹತ್ತು ಪರ್ಸೆಂಟ್ ಇಳಿಯುವಾಗ 5 ಇಂಚು ಅಗಲದ ಹಲಗೆ ಎರಡರಿಂದ ಮೂರು ಮಿಲಿಮೀಟರ್ ಕುಗ್ಗುತ್ತದೆ. ಹಾಗೇ ಹೊಡೆದಿದ್ದರೆ ಮುಂದಿನ ಮಾರ್ಚಿಗೆ ಪ್ರತಿ ಸಂದಿಯಲ್ಲೂ ಮೇಲೆ ಹಾಸಿದ ರಾಕ್‌ವೂಲ್ (ಶಾಖ ತಡೆಯುವ ಕಲ್ಲುನಾರಿನ ಹಾಸು) ಕಾಣುತ್ತಿತ್ತು. ಪಟ್ಟಿ ಕೊಟ್ಟು ಅಟ್ಟಿ ಹಾಕಿ ನೆರಳಲ್ಲಿ ಒಣಗಿಸಿದೆವು. ಕೆಲಸ ತಡವಾಯಿತು, ಆಗಲಿ. ಸಾವಿರ ಚಿಲ್ಲರೆಗೆ ಸಿಗುವ ಆ ಮೀಟರ್ ಇಲ್ಲದೆ ಯಾರೂ ಮರ ಕೊಳ್ಳಬಾರದು.

ಕೂಡು, ಬೆಣೆ, ಏರಿಸಿದ್ದು

ನಾಲ್ಕು ಚೌಕಟ್ಟು, ಹತ್ತು ಹತ್ತು ಅಡಿಗೆ ಒಂದು. ಪ್ರತಿಯೊಂದರಲ್ಲೂ ಮೂರು ಕಂಬ, ಅವನ್ನು ಹಿಡಿಯುವ ಅಡ್ಡ ತೊಲೆ, ಮೂಲೆಗಳಲ್ಲಿ ಓರೆ ಆಸರೆ. ಹಳೇ ಮಲೆನಾಡು ಮನೆಗಳಲ್ಲಿ ಓರೆ ಆಸರೆ ಇಲ್ಲ. ದಪ್ಪ ಮಣ್ಣಿನ ಗೋಡೆ ಚೌಕಟ್ಟನ್ನು ಅಲುಗದ ಹಾಗೆ ಹಿಡಿದಿರುತ್ತಿತ್ತು. ನಮ್ಮದು ತೆಳು ಗೋಡೆ, ಅದೂ ಚೌಕಟ್ಟಿಗೆ ಅಂಟಿಲ್ಲ. ಹಾಗಾಗಿ ಗಾಳಿಗೆ ಕಂಬ ವಾಲದಂತೆ ತಡೆಯಲು ಓರೆ ಮರ ಬೇಕೇ ಬೇಕು. ಆಚಾರಿಗೆ ಮೊದಲು ಇದು ಹಿಡಿಸಲಿಲ್ಲ, ‘ಕೊಟ್ಟಿಗೆ ತರ ಕಾಣುತ್ತೆ’ ಎಂದರು. ಮೊದಲ ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ, ಆಸರೆ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ತಳ್ಳಿ ನೋಡಿದ ಮೇಲೆ ಆ ಮಾತು ನಿಂತಿತು.

ಕಂಬಕ್ಕೆ ತೊಲೆ ಕೂಡುವುದು ನೋಡಿ, ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ಕಂಬದಲ್ಲಿ ಕುಳಿ, ತೊಲೆಯ ತುದಿಯಲ್ಲಿ ನಾಲಿಗೆ. ಮೊದಲು ಕಂಬಕ್ಕೆ ಮಾತ್ರ ಬೆಣೆಯ ತೂತು ಕೊರೆಯುತ್ತಾರೆ. ಆಮೇಲೆ ನಾಲಿಗೆಯನ್ನು ಕುಳಿಗೆ ಕೂರಿಸಿ, ಅದೇ ತೂತಿನಿಂದ ಬೈರಿಗೆಯ ಮೊನೆ ತಾಗಿಸಿ ನಾಲಿಗೆಯ ಮೇಲೆ ಚುಕ್ಕೆ ಮಾಡುತ್ತಾರೆ. ತೊಲೆ ಹೊರಗೆ ತೆಗೆದು, ಚುಕ್ಕೆ ಇರುವಲ್ಲಿ ಕೊರೆಯುವುದಿಲ್ಲ. ಅದಕ್ಕಿಂತ ಎರಡು ಮಿಲಿಮೀಟರ್ ಹೆಗಲಿನ (ನಾಲಿಗೆ ಶುರುವಾಗುವಲ್ಲಿನ ಮೆಟ್ಟಿಲು) ಕಡೆಗೆ ಸರಿಸಿ ಕೊರೆಯುತ್ತಾರೆ. ಈಗ ಎರಡು ತೂತು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ತುದಿ ಸಣ್ಣ ಮಾಡಿದ ಬೆಣೆಯನ್ನು ಕೊಡತಿಯಿಂದ ಹೊಡೆದಾಗ ಅದು ಬಾಗುತ್ತಾ ದಾರಿ ಮಾಡಿಕೊಂಡು, ನಾಲಿಗೆಯನ್ನು ಒಳಕ್ಕೆ ಎಳೆಯುತ್ತದೆ. ಹೆಗಲು ಕಂಬಕ್ಕೆ ಕಚ್ಚಿ ಕೂತಾಗ ಕೊಡತಿಯ ಸದ್ದೇ ಬದಲಾಗುತ್ತದೆ, ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬರುತ್ತದೆ. ಗಮ್ ಇಲ್ಲ, ಬೋಲ್ಟ್ ಇಲ್ಲ. ಮುಂದೆ ಮರ ಕುಗ್ಗಿದರೂ ಬಾಗಿದ ಬೆಣೆ ಎಳೆಯುತ್ತಲೇ ಇರುತ್ತದೆ.

ಬೆಣೆಗೆ ಹಳೇ ಮತ್ತಿಯ ಚೂರುಗಳನ್ನೇ ಸೀಳಿಕೊಂಡೆವು. ಗರಗಸದಲ್ಲಿ ಕೊಯ್ದರೆ ನೂಲು ಅಡ್ಡ ಕತ್ತರಿಸಿ ಹೋಗಿ ಬೆಣೆ ಅರ್ಧದಲ್ಲೇ ಮುರಿಯುತ್ತದೆ, ಸೀಳಿದರೆ ನೂಲು ಉದ್ದಕ್ಕೂ ಉಳಿಯುತ್ತದೆ. ಬೆಣೆ ಚೌಕಟ್ಟಿಗಿಂತ ಒಣಗಿರಬೇಕು. ಹೊಡೆದ ಮೇಲೆ ತೇವ ಹೀರಿ ಸ್ವಲ್ಪ ಉಬ್ಬಿ ಇನ್ನೂ ಬಿಗಿಯಾಗುತ್ತದೆ.

ಏರಿಸಿದ್ದು ಚೈನ್ ಪುಲ್ಲಿಯಲ್ಲಿ, ಫೆಬ್ರವರಿಯಲ್ಲಿ, ಅಡಿಕೆ ಕೊಯ್ಲು ಮುಗಿದು ಜನ ಸಿಗುವ ಹೊತ್ತಿಗೆ. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕೂಡು ಸರಿ ಇದ್ದರೆ ಏರಿಸುವುದು ಬೇಗ ಮುಗಿಯುತ್ತದೆ.

ಮಾಡು

ನಮ್ಮ ಕಡೆ ಈಗ ಎಲ್ಲಿ ನೋಡಿದರೂ ಒಂದೇ ಪದ್ಧತಿ. ಮೊದಲು ಆರ್‌ಸಿಸಿ ಹಾಕುವುದು. ಎರಡು ಮಳೆಗಾಲಕ್ಕೆ ಅದು ಪಾಚಿ ಹಿಡಿದು ತೇವ ಇಳಿಸಲು ಶುರು ಮಾಡುತ್ತದೆ. ಆಮೇಲೆ ಅದರ ಮೇಲೆ ಕಬ್ಬಿಣದ ಟ್ರಸ್, ಶೀಟು. ಒಂದು ಮನೆಗೆ ಎರಡು ಮಾಡಿನ ಖರ್ಚು! ನಾಲ್ಕು ಇಂಚಿನ ಸ್ಲ್ಯಾಬ್ ಚದರ ಮೀಟರಿಗೆ 250 ಕೆಜಿ ತೂಗುತ್ತದೆ, ರೀಪು (ಹೆಂಚು ಕೂರುವ ಅಡ್ಡ ಪಟ್ಟಿ) ಸೇರಿ ಮಂಗಳೂರು ಹೆಂಚು ಸುಮಾರು 65. ಸ್ಲ್ಯಾಬಿನ ಭಾರ ಹೊರಲು ಮತ್ತೆ ಪಿಲ್ಲರ್, ಕಬ್ಬಿಣ, ಪಾಯ. ಆ ದಾರಿ ನಮಗೆ ಬೇಡವಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಂದಿನಿಂದ ಕರಾವಳಿ, ಮಲೆನಾಡಿನ ಮಳೆಗೆ ಇದಕ್ಕಿಂತ ಒಳ್ಳೆ ಹೊದಿಕೆ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಬರಿ ಹೆಂಚು ಬಿಸಿಲಿಗೆ ಏನೇನೂ ಸಾಲದು. ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎನ್ನುವುದಕ್ಕೆ ಯು-ವ್ಯಾಲ್ಯೂ ಎಂಬ ಅಳತೆ ಇದೆ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಎಷ್ಟು ವ್ಯಾಟ್ ಎಂದು), ಕಡಿಮೆ ಇದ್ದಷ್ಟು ಒಳ್ಳೆಯದು. ಹೆಂಚೊಂದೇ ಇದ್ದರೆ ಲೆಕ್ಕಕ್ಕೆ ಸುಮಾರು 4.3 ಬರುತ್ತದೆ. ಕೆಳಗೆ ಮುಕ್ಕಾಲು ಇಂಚಿನ ಹಲಗೆ, ನಡುವೆ ಗಾಳಿ ಸಂದಿ ಇಟ್ಟರೆ 1.7ರ ಆಸುಪಾಸು. ಮನೆಗಳ ಇಂಧನ ಉಳಿತಾಯಕ್ಕೆಂದು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ಮಾಡಿಗೆ ಇಟ್ಟ ಮಿತಿ 1.2. ಎರಡು ಇಂಚು ರಾಕ್‌ವೂಲ್ ಸೇರಿಸಿದರೆ, ನಡುವಿನ ಮರದ ಪಟ್ಟಿಗಳಿಂದ ದಾಟುವ ಶಾಖವನ್ನೂ ಹಿಡಿದು, 0.6ಕ್ಕೆ ಇಳಿಯುತ್ತದೆ. 60 ಚದರ ಮೀಟರ್ ಮಾಡು, ಬಿಸಿಲಿಗೆ ಕಾದ ಮೇಲ್ಮೈಗೂ ಒಳಗಿನ ಗಾಳಿಗೂ 20 ಡಿಗ್ರಿ ವ್ಯತ್ಯಾಸ ಎಂದಿಟ್ಟುಕೊಳ್ಳಿ. ಬರಿ ಹೆಂಚಾದರೆ 5,000 ವ್ಯಾಟ್ ದಾಟಿ ಶಾಖ ಒಳಗೆ ಇಳಿಯುತ್ತದೆ. ರಾಕ್‌ವೂಲ್ ಇದ್ದರೆ 720. ಮೊದಲಿನದು ಐದು ಇಸ್ತ್ರಿ ಪೆಟ್ಟಿಗೆ ತಲೆ ಮೇಲೆ ಹಚ್ಚಿಟ್ಟಷ್ಟು.

ಹಳಬರಿಗೆ ಇದು ತಿಳಿದೇ ಇತ್ತು. ಹಲಗೆಯ ಮೇಲೆ ಮಣ್ಣು ಹಾಕಿದ ಮುಚ್ಚಿಗೆ ಅದಕ್ಕೇ ಅಲ್ವಾ? ಹೆಂಚಿಗೂ ಮುಚ್ಚಿಗೆಗೂ ನಡುವೆ ಇಡೀ ಅಟ್ಟವೇ ಗಾಳಿ ಸಂದಿ. ಆದರೆ ಆ ಮಣ್ಣಿನ ಭಾರಕ್ಕೆ ದಪ್ಪ ದಪ್ಪ ಜಂತಿ ಬೇಕು, ಆ ಮರ ಈಗ ಎಲ್ಲಿದೆ?

ನಾವು ಮಾಡಿದ್ದು ಕೆಳಗಿನಿಂದ ಮೇಲಕ್ಕೆ ಹೀಗೆ. 3×5 ಇಂಚಿನ ಪಕಾಸಿ, ಎರಡು ಅಡಿಗೆ ಒಂದು. ಅದರ ಬೆನ್ನ ಮೇಲೆ ಸಿಲ್ವರ್ ಓಕ್ ಹಲಗೆ, ಹಾಗಾಗಿ ಒಳಗೆ ಕುಳಿತರೆ ಪಕಾಸಿ, ಹಲಗೆ ಎರಡೂ ಕಾಣುತ್ತವೆ. ಹಲಗೆಯ ಮೇಲೆ ಪಕಾಸಿಯ ಸಾಲಿಗೇ 2×2 ಪಟ್ಟಿ, ಪಟ್ಟಿಗಳ ನಡುವೆ ರಾಕ್‌ವೂಲ್. ಅದರ ಮೇಲೆ ನೀರು ತಡೆದು ಆವಿ ಬಿಡುವ ಬಟ್ಟೆಯಂಥ ಹಾಳೆ. ಹಾಳೆಯ ಮೇಲೆ ಮತ್ತೆ ಉದ್ದಕ್ಕೆ ಎರಡು ಇಂಚಿನ ಪಟ್ಟಿ. ಅದರ ಮೇಲೆ ಅಡ್ಡಕ್ಕೆ ರೀಪು, ಹೆಂಚು. ಈ ಕೊನೆಯ ಉದ್ದ ಪಟ್ಟಿಯನ್ನು ಬಿಟ್ಟು ಖರ್ಚು ಉಳಿಸೋಣ ಎಂದು ಎಲ್ಲರೂ ಹೇಳುತ್ತಾರೆ. ಬಿಡಬೇಡಿ. ರೀಪನ್ನು ನೇರ ಹಾಳೆಗೆ ಹೊಡೆದರೆ, ಒಡೆದ ಹೆಂಚಿನಿಂದ ಇಳಿದ ನೀರು ಪ್ರತಿ ರೀಪಿನ ಹಿಂದೆ ನಿಂತು ರೀಪನ್ನು ಕೊಳೆಸುತ್ತದೆ. ಪಟ್ಟಿ ಇದ್ದರೆ ನೀರು ರೀಪಿನ ಅಡಿಯಿಂದ ಸೂರಿಗೆ ಜಾರುತ್ತದೆ, ಕಾದ ಗಾಳಿ ಕೋಡಿನ ಕಡೆ ಏರುತ್ತದೆ.

ಏರಿದ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು. ರೂಢಿಯಲ್ಲಿ ಕೋಡಿನ ಹೆಂಚನ್ನು ಸಿಮೆಂಟು ಗಾರೆಯಲ್ಲಿ ಕೂರಿಸಿ ಪೂರ್ತಿ ಮುಚ್ಚಿಬಿಡುತ್ತಾರೆ. ನಾವು ಕೋಡಿನ ಉದ್ದಕ್ಕೂ ಒಂದು ಮರದ ಪಟ್ಟಿ ಎತ್ತರಿಸಿ, ಕೋಡು ಹೆಂಚನ್ನು ಅದಕ್ಕೆ ಸ್ಕ್ರೂ ಹಾಕಿ ಹಿಡಿಸಿ, ಎರಡೂ ಕಡೆ ಸಂದಿ ಬಿಟ್ಟು ಸ್ಟೀಲ್ ಜಾಲರಿ ಕಟ್ಟಿದೆವು. ಸೂರಿನಲ್ಲೂ ಅದೇ ಜಾಲರಿ. ಕಣ್ಣು ಸಣ್ಣದಿರಲಿ. ಇಲ್ಲದಿದ್ದರೆ ಈ ಎರಡಿಂಚಿನ ಸಂದಿ ತುಡುವೆ ಜೇನಿಗೆ ಹೇಳಿ ಮಾಡಿಸಿದ ಜಾಗ.

ಅಡಿಗೆಮನೆಯ ಮೇಲೆ ಮಾತ್ರ ಅಗ್ಗದ ದಾರಿ ಹಿಡಿದೆವು. ಅಲ್ಲಿ ರಾಕ್‌ವೂಲ್ ಇಲ್ಲ. ಪಕಾಸಿಯ ಮೇಲೆ ಅಲ್ಯೂಮಿನಿಯಂ ಫಾಯಿಲ್, ಹೊಳೆಯುವ ಮುಖ ಕೆಳಗೆ, ಪಕಾಸಿಯ ಅಡಿಗೆ ಹಲಗೆ, ನಡುವೆ ಐದು ಇಂಚು ಖಾಲಿ. ಬಿಸಿ ಮೇಲೆ, ತಂಪು ಕೆಳಗೆ ಇದ್ದಾಗ ಗಾಳಿ ಸುತ್ತುವುದಿಲ್ಲ, ಶಾಖದ ಹೆಚ್ಚು ಪಾಲು ಕಿರಣವಾಗಿ ಇಳಿಯುತ್ತದೆ. ಹೊಳೆಯುವ ಮುಖ ಆ ಕಿರಣವನ್ನು ಬಿಡುವುದೇ ಕಮ್ಮಿ. ಮುಖ ಮೇಲೆ ಮಾಡಿ ಹಾಕಿದರೂ ಮೊದಲ ವರ್ಷ ಅಷ್ಟೇ ಕೆಲಸ ಮಾಡುತ್ತದೆ, ಆಮೇಲೆ ಧೂಳು ಕೂತು ಹೊಳಪು ಹೋಗುತ್ತದೆ. ಕೆಳಮುಖಕ್ಕೆ ಧೂಳು ಕೂರುವುದಿಲ್ಲ. ಫಾಯಿಲ್ಲು ಹಲಗೆಗೆ ಅಂಟಿಕೊಂಡರೆ ಎಲ್ಲಾ ವ್ಯರ್ಥ, ಸಂದಿ ಇರಲೇಬೇಕು. ಏಪ್ರಿಲ್ ಮಧ್ಯಾಹ್ನ ಹಲಗೆ ಮುಟ್ಟಿದರೆ ಅಡಿಗೆಮನೆಯದು ತುಸು ಬೆಚ್ಚಗೆ, ಕೋಣೆಯದು ಏನೂ ಗೊತ್ತಾಗುವುದಿಲ್ಲ. ಖರ್ಚಿನ ವ್ಯತ್ಯಾಸ ನೋಡಿದರೆ ಹಗಲು ಮಾತ್ರ ಬಳಸುವ ಕೋಣೆಗಳಿಗೆ ಫಾಯಿಲ್ಲೇ ಸಾಕು ಎನ್ನುತ್ತೇನೆ.

ಮಂಗಗಳ ವಿಷಯ. ಹೆಂಚಿನ ಮನೆ ಬೇಡ ಎನ್ನಲು ನಮ್ಮೂರಿನಲ್ಲಿ ಮೊದಲ ಕಾರಣ ಅವು. ನಮ್ಮ ಮಾಡಿನಲ್ಲೂ ಹೆಂಚು ಒಡೆಯುತ್ತವೆ. ಆದರೆ ಕೆಳಗೆ ಹಾಳೆ ಇರುವುದರಿಂದ ಮಳೆ ಬಿದ್ದರೂ ಒಳಗೆ ಹನಿ ಇಲ್ಲ, ಬಿಡುವಾದಾಗ ಹತ್ತಿ ಬದಲಾಯಿಸಿದರಾಯಿತು. ಒಂದೇ ಅನಾನುಕೂಲ: ಒಳಗಿನಿಂದ ಒಡೆದ ಹೆಂಚು ಕಾಣುವುದಿಲ್ಲ. ಹಾಗಾಗಿ ಜೂನ್‌ಗೆ ಮುಂಚೆ ಒಮ್ಮೆ ಏಣಿ ಹಾಕಿ ಇಡೀ ಮಾಡು ನೋಡಲೇಬೇಕು.

ಗೋಡೆ, ಗಾಳಿ, ತೇವ

ಜಂಬಿಟ್ಟಿಗೆ ಗೋಡೆಯನ್ನು ಕಂಬಗಳ ಹೊರಗಡೆಗೆ, ಎರಡು ಬೆರಳು ಬಿಟ್ಟು ಕಟ್ಟಿದೆವು. ಕಂಬದ ನಡುವೆ ತುಂಬಿದರೆ ಮರ ಕುಗ್ಗಿದಂತೆ ಎರಡೂ ಕಡೆ ಬಿರುಕು ಬೀಳುತ್ತದೆ, ಗೋಡೆಯ ತೇವ ಕಂಬಕ್ಕೆ ತಾಗುತ್ತದೆ. ಬಿಟ್ಟು ಕಟ್ಟಿದರೆ ಕಂಬದ ನಾಲ್ಕೂ ಮುಖ ಒಣಗಿರುತ್ತವೆ. ಗೋಡೆ ಎಂಟು ಅಡಿಗೆ ನಿಲ್ಲುತ್ತದೆ. ಅದರ ಮೇಲೆ ಸೂರಿನ ಅಡಿಯಲ್ಲಿ ಸುತ್ತಲೂ ಮರದ ಜಾಲಂದ್ರ, ಹಿಂದೆ ಸೊಳ್ಳೆ ಪರದೆ. ಮಲಗುವ ಕೋಣೆಯ ಜಾಲಂದ್ರಕ್ಕೆ ಮಾತ್ರ ಒಳಗಿನಿಂದ ಮುಚ್ಚುವ ಹಲಗೆ ಇದೆ. ಡಿಸೆಂಬರ್, ಜನವರಿಯ ರಾತ್ರಿ ಬೇಕಾಗುತ್ತದೆ.

ಮಳೆಗಾಲದ ತೇವಕ್ಕೆ ಗಾಳಿಯೊಂದೇ ಉತ್ತರ ಅಲ್ಲ. ಆಗ ಹೊರಗಿನ ಗಾಳಿಯೇ ಒದ್ದೆ. ನೀರೊಲೆಯ ಹೊಗೆ ಕೊಳವೆಯನ್ನು ಬಟ್ಟೆ ಕೋಣೆಯ ಗೋಡೆಗೆ ತಾಗಿಸಿ ಮೇಲೆ ಒಯ್ದೆವು. ದಿನಾ ಸ್ನಾನಕ್ಕೆ ಹೇಗೂ ಸೌದೆ ಉರಿಯುತ್ತದೆ, ಆ ಗೋಡೆ ಇಡೀ ದಿನ ಬೆಚ್ಚಗಿರುತ್ತದೆ, ಕೋಣೆ ಒಣಗಿರುತ್ತದೆ. ಕೊಳವೆ ಮಾಡನ್ನು ದಾಟುವಲ್ಲಿ ಹಲಗೆ, ಪಕಾಸಿಗಳನ್ನು ದೂರ ಸರಿಸಿ, ಸುತ್ತ ರಾಕ್‌ವೂಲ್ ತುಂಬಿ, ತಗಡಿನ ಕೊರಳು ಹಾಕಿದ್ದೇವೆ. ಮರದ ಮನೆಯಲ್ಲಿ ಇದನ್ನು ಬೇಕಾಬಿಟ್ಟಿ ಮಾಡಬಾರದು. ವೈರಿಂಗ್ ಕೂಡ ಅಷ್ಟೇ, ಎಲ್ಲಾ ಪೈಪಿನೊಳಗೇ ಹೋಗಿದೆ.

ಫ್ಯಾನುಗಳು ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರಿನವು). ಹಳೇ ಫ್ಯಾನು 75 ವ್ಯಾಟ್ ಎಳೆಯುವ ಕಡೆ ಇದು 30ರ ಆಸುಪಾಸಿನಲ್ಲಿ ಮುಗಿಸುತ್ತದೆ. ಬೆಳಕಿಗೆ ಗಾಜಿನ ಹೆಂಚು ಇಡೋಣ ಎಂದರು. ಓಡಾಡುವ ಜಾಗದ ಮೇಲೆ ಉತ್ತರದ ಇಳಿಜಾರಿನಲ್ಲಿ ಎರಡು ಇಟ್ಟೆವು, ಅಷ್ಟೇ. ಒಂದೊಂದು ಗಾಜಿನ ಹೆಂಚೂ ಹೊದಿಕೆಯಲ್ಲಿ ಒಂದು ತೂತು.

ಇನ್ನು ಉಳಿದಿರುವುದು ಪಶ್ಚಿಮದ ಜಗಲಿ. ಅಲ್ಲಿನ ಕಂಬಗಳ ಬುಡಕ್ಕೆ ಇರಿಚಲು ತಾಗುತ್ತಿದೆ, ಪೀಠ ಒಂದೂವರೆ ಅಡಿ ಇದ್ದರೂ. ಬಿದಿರಿನ ತಟ್ಟಿ ಇಳಿಬಿಡುವುದೋ, ಸೂರನ್ನು ಇನ್ನೊಂದು ಅಡಿ ಮುಂದಕ್ಕೆ ಚಾಚುವುದೋ ಎಂದು ಆಚಾರಿಗೂ ನನಗೂ ಇನ್ನೂ ಚರ್ಚೆ ನಡೆದಿದೆ. ಸೂರು ಚಾಚುವುದು ಅವರ ವಾದ. ಆಗ ಪಕಾಸಿಯ ತುದಿ ಜೋತುಬೀಳದಂತೆ ಕೆಳಗೆ ಓರೆ ಆಸರೆ ಕೊಡಬೇಕಾಗುತ್ತದೆ, ಅದಕ್ಕೆ ಅವರದೇನೂ ತಕರಾರಿಲ್ಲವಂತೆ.